ಬಿಸಿಲ ನಾಡಿನ ಗಣಿಯಲ್ಲಿ ಟೈರಿನ ಹವಾ: ಡಂಪರ್, ಟಿಪ್ಪರ್, ಲೋಡರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಮೇ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಕಲಬುರಗಿ ಜಿಲ್ಲೆಯ ಸೇಡಂ ಕಡೆಯ ಒಂದು ಸುಣ್ಣದಕಲ್ಲಿನ ಗಣಿ. ಹೊರಗೆ 43 ಡಿಗ್ರಿ. ಕ್ರಷರ್‌ಗೆ ಕಲ್ಲು ಸುರಿದು ಬಂದ ಡಂಪರ್ ವರ್ಕ್‌ಶಾಪ್ ಮುಂದೆ ನಿಂತಿದೆ. ಟೈರ್ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಗೇಜ್ ಹಚ್ಚಿ ನೋಡಿ ಗಾಬರಿಯಿಂದ ಓಡಿ ಬಂದ.

"ಸರ, ಹವಾ ಭಾಳ ಏರ್ಯಾದ್ರಿ. ನೂರಾ ಹದಿನೆಂಟು ತೋರ್ಸಲತ್ತದ. ಬಿಡ್ಲೇನ್ರಿ?"

"ಬ್ಯಾಡಪ್ಪಾ. ಮೊದ್ಲು ಕೈ ತೆಗಿ."

ಇದೇ ಪ್ರಶ್ನೆಯನ್ನು ಇಪ್ಪತ್ತು ವರ್ಷದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಬೇಸಿಗೆಯಲ್ಲೂ ಕೇಳುತ್ತಾರೆ. ಕೇಳುವವರದು ತಪ್ಪಲ್ಲ. ಹವಾ ಏರಿದರೆ ಟೈರ್ ಒಡೆಯುತ್ತದೆ ಅಂತ ಎಲ್ಲರಿಗೂ ಅನಿಸುತ್ತದೆ, ಅಲ್ವಾ? ಆದರೆ ನಮ್ಮ ಕಡೆ ಟೈರ್ ಹಾಳಾಗುವುದು ಹವಾ ಏರಿದ್ದರಿಂದ ಅಲ್ಲ. ಏರಿದ ಹವಾ ಬಿಟ್ಟಿದ್ದರಿಂದ. ಇದೊಂದು ಮಾತು ತಲೆಗೆ ಹೋದರೆ ಮುಂದಿನದೆಲ್ಲ ತಾನಾಗೇ ಅರ್ಥವಾಗುತ್ತದೆ.

ವಾಡಿ, ಮಳಖೇಡ, ಸೇಡಂ, ಚಿತ್ತಾಪುರ ಕಡೆಯ ಸಿಮೆಂಟ್ ಗಣಿಗಳಲ್ಲಿ, ಶಹಾಬಾದಿನ ಫರಸಿ ಕಲ್ಲಿನ ಖಣಿಗಳಲ್ಲಿ ಕೆಲಸ ಮಾಡುವ ಆಪರೇಟರ್, ಫಿಟ್ಟರ್, ಫೋರ್‌ಮನ್‌ಗಳಿಗೆ ಅಂತ ಇದನ್ನು ಬರೆದಿದ್ದೇನೆ. ಸ್ವಂತ ಟಿಪ್ಪರ್ ಓಡಿಸುವವರಿಗೂ ಮುಕ್ಕಾಲು ಪಾಲು ಲಾಗೂ ಆಗುತ್ತದೆ.

ಮೊದಲು ಲೆಕ್ಕ: ತಣ್ಣಗಿನ ಹವಾ, ಬಿಸಿ ಹವಾ

ಟೈರ್ ಕಂಪನಿ ಕೊಡುವ ಪ್ರೆಶರ್ ಅಂಕಿ ಯಾವಾಗಲೂ ತಣ್ಣಗಿನ ಟೈರಿನದು. ಗಾಡಿ ಓಡದೆ ನಿಂತು, ಟೈರಿನ ಒಳಗಿನ ಗಾಳಿ ಹೊರಗಿನ ಗಾಳಿಯಷ್ಟೇ ಬಿಸಿ ಇರುವಾಗಿನ ಅಳತೆ. ಗಾಡಿ ಓಡತೊಡಗಿದರೆ ಟೈರ್ ಬಳುಕುತ್ತದೆ, ರಬ್ಬರ್ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗಲು ನೋಡುತ್ತದೆ, ಪ್ರೆಶರ್ ಏರುತ್ತದೆ. ಇದು ಟೈರ್ ಮಾಡಿದವರಿಗೆ ಗೊತ್ತಿರುವ ಸಂಗತಿ. ಏರುವುದನ್ನು ಲೆಕ್ಕ ಹಿಡಿದೇ ಅವರು ತಣ್ಣಗಿನ ಅಂಕಿ ಕೊಟ್ಟಿರುತ್ತಾರೆ.

ಎಷ್ಟು ಏರುತ್ತದೆ? 100 ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕ) ಆಸುಪಾಸಿನ ಟೈರಿನಲ್ಲಿ ಪ್ರತಿ 10 ಡಿಗ್ರಿಗೆ ಸುಮಾರು 4 ಪಿಎಸ್‌ಐ. ಇಷ್ಟು ಬಾಯಿಪಾಠ ಇದ್ದರೆ ಸಾಕು.

ಈಗ ಆ ಹುಡುಗನ 118ರ ಕಥೆ ನೋಡೋಣ. ಬೆಳಿಗ್ಗೆ ಐದೂವರೆಗೆ, 28 ಡಿಗ್ರಿ ಇದ್ದಾಗ, ಟೈರಿನಲ್ಲಿ ಸರಿಯಾಗಿ 100 ಇತ್ತು. ಮಧ್ಯಾಹ್ನ ಒಳಗಿನ ಗಾಳಿ 75 ಡಿಗ್ರಿ ಮುಟ್ಟಿದಾಗ ಅದು 118 ಆಗಲೇಬೇಕು. ಆಗಿದೆ. ಟೈರ್ ಸರಿ ಇದೆ. ಹುಡುಗ 18 ಬಿಟ್ಟು 100ಕ್ಕೆ ತಂದ ಅಂತ ಇಟ್ಟುಕೊಳ್ಳಿ. ಮರುದಿನ ಬೆಳಿಗ್ಗೆ ಟೈರ್ ತಣ್ಣಗಾದಾಗ ಗೇಜ್ 85 ಕೂಡ ಪೂರ್ತಿ ತೋರಿಸುವುದಿಲ್ಲ. ಅಂದರೆ ಒಂದೇ ಏಟಿಗೆ 15 ಪಿಎಸ್‌ಐ ಕಮ್ಮಿ.

ಅಸಲಿ ತೊಂದರೆ ಶುರುವಾಗುವುದು ಇಲ್ಲಿಂದ. ಹವಾ ಕಮ್ಮಿ ಇರುವ ಟೈರ್ ಜಾಸ್ತಿ ಬಳುಕುತ್ತದೆ. ಜಾಸ್ತಿ ಬಳುಕಿದರೆ ಜಾಸ್ತಿ ಬಿಸಿ. ಮಧ್ಯಾಹ್ನ ಮತ್ತೆ ಗೇಜ್ ಹಚ್ಚಿದರೆ ಮತ್ತೆ ಏರಿರುತ್ತದೆ. ಹುಡುಗ ಮತ್ತೆ ಬಿಡುತ್ತಾನೆ. ವಾರ ಕಳೆಯುವುದರೊಳಗೆ ಟೈರಿನ ಒಳಪದರಗಳು ಒಂದನ್ನೊಂದು ಬಿಡಲು ಶುರುಮಾಡುತ್ತವೆ. ಹೊರಗಿಂದ ಏನೂ ಕಾಣುವುದಿಲ್ಲ. ಒಂದು ದಿನ ಟ್ರೆಡ್ಡಿನ, ಅಂದರೆ ನೆಲಕ್ಕೆ ತಾಗುವ ಭಾಗದ ಅಂಚಿನಲ್ಲಿ ಊತ ಕಾಣುತ್ತದೆ, ಇಲ್ಲವೇ ರೊಟ್ಟಿಯ ಪಾಪಡಿ ಎದ್ದ ಹಾಗೆ ರಬ್ಬರ್ ಏಳುತ್ತದೆ. ಆಗ ಎಲ್ಲರೂ "ಟೈರ್ ಖರಾಬ್ ಮಾಲ್" ಅಂತಾರೆ. ನಾನು ಕೆಲಸಕ್ಕೆ ಸೇರಿದ ಎರಡನೇ ಬೇಸಿಗೆಯಲ್ಲಿ ಹೀಗೇ ಮೂರು ಟೈರ್ ಹೋದವು. ಹವಾ ಬಿಟ್ಟವನು ಬೇರೆ ಯಾರೂ ಅಲ್ಲ, ನಾನೇ. ದೊಡ್ಡ ಡಂಪರಿನ ಒಂದೊಂದು ಟೈರಿಗೆ ಲಕ್ಷಗಟ್ಟಲೆ ದುಡ್ಡು. ಆವತ್ತು ಫೋರ್‌ಮನ್ ಬೈದಿದ್ದು ಇನ್ನೂ ಕಿವಿಯಲ್ಲಿದೆ.

ನಿಮ್ಮ ಗಾಡಿಗೆ ಎಷ್ಟು ಹವಾ?

ಇದಕ್ಕೆ ಒಂದೇ ಉತ್ತರ ಇಲ್ಲ. ಟೈರಿನ ಅಳತೆ, ಪ್ಲೈ ರೇಟಿಂಗ್ (ಟೈರಿನ ಪದರಗಳ ಬಲ), ಅದರ ಮೇಲೆ ಬೀಳುವ ಭಾರ, ಓಡುವ ವೇಗ, ಈ ನಾಲ್ಕನ್ನೂ ಇಟ್ಟುಕೊಂಡು ಟೈರ್ ಕಂಪನಿಯ ಪಟ್ಟಿಯಲ್ಲಿ ನೋಡಬೇಕು. ಪಕ್ಕದ ಗಣಿಯವರು ಎಷ್ಟು ಹಾಕುತ್ತಾರೆ ಅಂತ ಕೇಳಿ ಹಾಕುವುದು ಪಕ್ಕದ ಮನೆಯವರ ಚಷ್ಮಾ ಹಾಕಿಕೊಂಡ ಹಾಗೆ.

ಅಂದಾಜಿಗೆ ಹೇಳುವುದಾದರೆ, 35 ಟನ್ನಿನ ಡಂಪರಿಗೆ ಸಾಮಾನ್ಯವಾಗಿ 18.00-33, 60 ಟನ್ನಿನದಕ್ಕೆ 24.00-35, 100 ಟನ್ನಿನದಕ್ಕೆ 27.00-49 ಟೈರ್ ಬರುತ್ತದೆ. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ಡಿಸ್ಕಿನ (ಟೈರ್ ಕೂರುವ ಉಕ್ಕಿನ ಚಕ್ರದ) ವ್ಯಾಸ, ಎರಡೂ ಇಂಚಿನಲ್ಲಿ. ನಡುವೆ ಗೀಟಿನ ಬದಲು ಆರ್ ಅಂತ ಇದ್ದರೆ ರೇಡಿಯಲ್. ಈ ಡಂಪರ್‌ಗಳ ತಣ್ಣಗಿನ ಪ್ರೆಶರ್ ಸಾಮಾನ್ಯವಾಗಿ 80ರಿಂದ 110 ಪಿಎಸ್‌ಐ ನಡುವೆ ಇರುತ್ತದೆ. ರಸ್ತೆ ಟಿಪ್ಪರ್‌ನ 10.00-20, 11.00-20 ಟೈರಿಗೆ 100ರಿಂದ 125. ಲೋಡರ್‌ನ 23.5-25 ಟೈರಿಗೆ ಇದರ ಅರ್ಧದಷ್ಟೇ, ಅದರಲ್ಲೂ ಬಕೆಟ್ ಇರುವ ಮುಂದಿನ ಗಾಲಿಗೆ ಜಾಸ್ತಿ, ಹಿಂದಿನದಕ್ಕೆ ಕಮ್ಮಿ. ಗ್ರೇಡರಿಗೆ ಇನ್ನೂ ಕಮ್ಮಿ, 40ರ ಆಸುಪಾಸು. ಇವೆಲ್ಲ ಅಂದಾಜಿಗೆ ಮಾತ್ರ. ಇದನ್ನೇ ನೋಡಿ ಹವಾ ತುಂಬಬೇಡಿ.

ಇನ್ನೊಂದು ಗೋಜಲು ಅಂದರೆ ಅಳತೆಯ ಲೆಕ್ಕ. ಒಂದು ಪುಸ್ತಕದಲ್ಲಿ ಬಾರ್, ಇನ್ನೊಂದರಲ್ಲಿ ಕೆಜಿ, ಮತ್ತೊಂದರಲ್ಲಿ ಕೆಪಿಎ. 1 ಬಾರ್ ಅಂದರೆ 14.5 ಪಿಎಸ್‌ಐ, ಅಥವಾ 100 ಕೆಪಿಎ. ಚದರ ಸೆಂಟಿಮೀಟರಿಗೆ 1 ಕೆಜಿ ಅಂದರೆ 14.2 ಪಿಎಸ್‌ಐ. ಗಾಡಿಗೆ ಎಷ್ಟು ಅಂತ ಗೊತ್ತಾದ ಮೇಲೆ ಆ ಅಂಕಿಯನ್ನು ಗಾಲಿಯ ಮೇಲಿನ ಮಡ್‌ಗಾರ್ಡಿನಲ್ಲೋ ಏಣಿಯ ಹತ್ತಿರವೋ ಬಿಳಿ ಪೇಂಟಿನಲ್ಲಿ ದೊಡ್ಡದಾಗಿ ಬರೆಸಿಬಿಡಿ. "ತಣ್ಣಗಿದ್ದಾಗ" ಅನ್ನುವ ಮಾತನ್ನೂ ಅದರ ಜೊತೆಗೇ ಬರೆಸಿ.

ಕೈಯಲ್ಲಿ ಏನೇನು ಇರಬೇಕು

ಒಳ್ಳೆಯ ಗೇಜ್. ಒಂದಲ್ಲ, ಎರಡು. ಒಂದು ದಿನದ ಕೆಲಸಕ್ಕೆ, ಇನ್ನೊಂದು ಕಪಾಟಿನಲ್ಲಿ ಬೀಗ ಹಾಕಿ ಇಡುವ ಮಾಸ್ಟರ್ ಗೇಜ್. ದಿನದ ಗೇಜ್ ಕಲ್ಲಿನ ಮೇಲೆ ಬೀಳುತ್ತದೆ, ಟೂಲ್‌ಬಾಕ್ಸಿನಲ್ಲಿ ಪಾನಾದ (ಸ್ಪ್ಯಾನರಿನ) ಕೆಳಗೆ ಸಿಕ್ಕಿಕೊಳ್ಳುತ್ತದೆ, ಅದು ಸುಳ್ಳು ಹೇಳಲು ತಿಂಗಳು ಬೇಕಿಲ್ಲ. ವಾರಕ್ಕೊಮ್ಮೆ ಒಂದೇ ಟೈರಿಗೆ ಎರಡನ್ನೂ ಹಚ್ಚಿ ನೋಡಿ. 2 ಪಿಎಸ್‌ಐಗಿಂತ ಜಾಸ್ತಿ ಫರಕ್ ಬಂದರೆ ದಿನದ ಗೇಜ್ ರಿಪೇರಿಗೆ. ಮಾಸ್ಟರ್ ಗೇಜನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ.

ವಾಲ್ವಿಗೆ ತಾನೇ ಕಚ್ಚಿಕೊಂಡು ಕೂರುವ ಕ್ಲಿಪ್ ಚಕ್ (ಹವಾ ಪೈಪಿನ ಬಾಯಿ), ಕನಿಷ್ಠ 3 ಮೀಟರ್ ಪೈಪು, ಪೈಪಿನ ನಾವು ಹಿಡಿಯುವ ತುದಿಯಲ್ಲಿ ಗೇಜ್ ಮತ್ತು ವಾಲ್ವ್. ಕೈಯಿಂದ ಒತ್ತಿ ಹಿಡಿಯುವ ಚಕ್ ಗಣಿಯಲ್ಲಿ ಬೇಡವೇ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ. ಜೊತೆಗೆ ವಾಲ್ವ್ ಪಿನ್ ಬಿಚ್ಚುವ ಸಾಧನ, ಒಂದಿಷ್ಟು ಹೊಸ ಪಿನ್, ಲೋಹದ ವಾಲ್ವ್ ಕ್ಯಾಪ್, ಸೋಪಿನ ನೀರಿನ ಬಾಟಲಿ, ಒಂದು ತುಂಡು ಸಣ್ಣ ತಂತಿ, ಮತ್ತೆ ಒಂದು ನೋಟ್‌ಬುಕ್. ಕಂಪ್ರೆಸರ್ ಟ್ಯಾಂಕಿನ ಕೆಳಗಿನ ನೀರನ್ನು ಪ್ರತಿ ಬೆಳಿಗ್ಗೆ ಬಿಡಿ. ಆ ನೀರು ಟೈರಿನ ಒಳಗೆ ಹೋದರೆ ಡಿಸ್ಕ್ ತುಕ್ಕು ಹಿಡಿಯುತ್ತದೆ.

ಬೆಳಗಿನ ಅಳತೆ, ಒಂದೊಂದೇ ಹೆಜ್ಜೆ

ಸೂರ್ಯ ಟೈರಿನ ಮೇಲೆ ಬೀಳುವ ಮೊದಲು ಅಳೆಯಬೇಕು. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ ಏಳು ಗಂಟೆಗೇ ಬಿಸಿಲು ಚುಚ್ಚುತ್ತದೆ. ಪೂರ್ವಕ್ಕೆ ಮುಖ ಮಾಡಿದ ಕಪ್ಪು ರಬ್ಬರ್ ಅರ್ಧ ಗಂಟೆಯಲ್ಲಿ ಕಾದು, ಎಡ ಟೈರಿಗೂ ಬಲ ಟೈರಿಗೂ ಸುಮ್ನೆ ಸುಮ್ನೆ 3-4 ಪಿಎಸ್‌ಐ ವ್ಯತ್ಯಾಸ ತೋರಿಸುತ್ತದೆ. ಆದ್ದರಿಂದ ಐದರಿಂದ ಆರರ ನಡುವೆ ಮುಗಿಸಿ.

ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಖಾಲಿ ಇರಲಿ. ಪಾರ್ಕಿಂಗ್ ಬ್ರೇಕ್ ಹಾಕಿ, ಚಾವಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಗಾಲಿಗೆ ಎರಡೂ ಕಡೆ ಅಡ್ಡ ಕೊಡಿ. ಸ್ಟೇರಿಂಗಿಗೆ "ಕೆಲಸ ನಡೆದಿದೆ" ಬೋರ್ಡ್ ನೇತುಹಾಕಿ. ಡಂಪರಿನ ಹಿಂದಿನ ಒಳ ಟೈರ್ ನೋಡಲು ಬಗ್ಗಿ ಒಳಗೆ ಹೋಗಬೇಕಾಗುತ್ತದೆ. ಒಳಗಿದ್ದಾಗ ಯಾರೋ ಗಾಡಿ ಚಾಲೂ ಮಾಡಿದರೆ ಕಥೆ ಮುಗಿಯಿತು.

ಗೇಜ್ ಹಚ್ಚುವ ಮೊದಲು ಕಣ್ಣಿಂದ ನೋಡಿ. ಒಂದು ಸುತ್ತು, ಅವಸರ ಬೇಡ. ಕತ್ತರಿಸಿದ ಗಾಯ, ಊತ, ಜೋಡಿ ಟೈರಿನ ನಡುವೆ ಸಿಕ್ಕ ಕಲ್ಲು, ಡಿಸ್ಕಿನ ಮೇಲೆ ಬಿರುಕು, ನಟ್ಟಿನ ಸುತ್ತ ತುಕ್ಕಿನ ಕೆಂಪು ಗೆರೆ. ಟೈರನ್ನು ಡಿಸ್ಕಿನ ಮೇಲೆ ಹಿಡಿದಿಡುವ ಉಕ್ಕಿನ ಬಳೆ, ಅಂದರೆ ಲಾಕ್ ರಿಂಗ್, ತನ್ನ ಕಚ್ಚಿನಲ್ಲಿ ಸಮನಾಗಿ ಕೂತಿದೆಯಾ ನೋಡಿ. ಟೈರ್ ನೆಲಕ್ಕೆ ಹೆಚ್ಚೇ ಅಮುಕಿದ ಹಾಗೆ ಕಂಡರೆ ಹತ್ತಿರ ಹೋಗಬೇಡಿ, ಮೊದಲು ಫೋರ್‌ಮನ್‌ಗೆ ಹೇಳಿ. ಹಳೆಯ ಡ್ರೈವರ್‌ಗಳು ಸುತ್ತಿಗೆಯಿಂದ ಹೊಡೆದು ಸದ್ದಿನ ಮೇಲೆ ಹವಾ ಹೇಳುತ್ತಾರೆ. ರಸ್ತೆ ಲಾರಿಯಲ್ಲಿ ಪೂರ್ತಿ ಪಂಕ್ಚರ್ ಆದದ್ದು ಅದರಿಂದ ತಿಳಿಯಬಹುದು. ಡಂಪರಿನ ದಪ್ಪ ಟೈರಿನಲ್ಲಿ 100ಕ್ಕೂ 80ಕ್ಕೂ ಸದ್ದಿನಲ್ಲಿ ಭೇದ ಹೇಳುತ್ತೇನೆ ಅನ್ನುವವನನ್ನು ನಾನು ನಂಬುವುದಿಲ್ಲ.

ಕ್ಯಾಪ್ ತೆಗೆಯಿರಿ, ವಾಲ್ವಿನ ಬಾಯಿ ಒರೆಸಿ. ನಮ್ಮ ಸುಣ್ಣದಕಲ್ಲಿನ ಧೂಳು ಹಿಟ್ಟಿನ ಹಾಗೆ ನಯ, ಎಲ್ಲೆಂದರಲ್ಲಿ ಹೊಕ್ಕುತ್ತದೆ. ಒರೆಸದೆ ಗೇಜ್ ಒತ್ತಿದರೆ ಧೂಳು ಪಿನ್ನಿನ ಮೇಲೆ ಕೂತು, ನೀವು ಅಳೆದಿದ್ದರಿಂದಲೇ ಲೀಕ್ ಶುರುವಾಗುತ್ತದೆ. ಗೇಜನ್ನು ನೇರವಾಗಿ ಒತ್ತಿ, ಎರಡು ಸಲ ಓದಿ. ಎರಡೂ ಸಲ ಒಂದೇ ಬಂದರೆ ಬರೆದುಕೊಳ್ಳಿ. ಸೋಪಿನ ನೀರು ಒಂದು ಹನಿ ವಾಲ್ವಿನ ಬಾಯಿಗೆ ಬಿಡಿ. ಗುಳ್ಳೆ ಬಂದರೆ ಪಿನ್ ಬದಲಿಸಬೇಕು. ಕ್ಯಾಪ್ ಮತ್ತೆ ಹಾಕಿ. ಕ್ಯಾಪ್ ಅಂದರೆ ಧೂಳಿಗೆ ಮುಚ್ಚಳ ಅಷ್ಟೇ ಅಂತ ತಿಳಿಯಬೇಡಿ. ಒಳಗೆ ರಬ್ಬರ್ ವಾಷರ್ ಇರುವ ಲೋಹದ ಕ್ಯಾಪೇ ಹವಾ ಹಿಡಿದಿಡುವ ಕೊನೆಯ ಬಾಗಿಲು.

ಬರೆಯುವಾಗ ಟೈರಿಗೆ ನಂಬರ್ ಕೊಡಿ. ಎಡ ಮುಂದೆ 1, ಬಲ ಮುಂದೆ 2. ಹಿಂದೆ ಎಡದಿಂದ ಬಲಕ್ಕೆ 3, 4, 5, 6. ತಾರೀಖು, ಸಮಯ, ಆಗಿನ ಬಿಸಿ ಎಷ್ಟು ಡಿಗ್ರಿ, ಬಂದ ಅಂಕಿ, ಹಾಕಿದ್ದು ಎಷ್ಟು. ಡಿಗ್ರಿ ಬರೆಯದ ಅಂಕಿಗೆ ಬೆಲೆಯಿಲ್ಲ. ಒಂದು ತಿಂಗಳು ಹೀಗೆ ಬರೆದರೆ ಸಾಕು. ಯಾವ ಟೈರಿಗೆ ವಾರಕ್ಕೆ ಎರಡು ಸಲ ಹವಾ ತುಂಬುತ್ತಿದ್ದೀರಿ ಅನ್ನುವುದು ನೋಟ್‌ಬುಕ್ಕೇ ಕೂಗಿ ಹೇಳುತ್ತದೆ.

ಕಮ್ಮಿ ಬಂದರೆ?

ತಣ್ಣಗಿನ ಅಳತೆ ಬೇಕಾದ್ದಕ್ಕಿಂತ 3 ಪಿಎಸ್‌ಐ ಆಚೀಚೆ ಇದ್ದರೆ ಬಿಡಿ. ನೂರಕ್ಕೆ 10ರವರೆಗೆ ಕಮ್ಮಿ ಇದ್ದರೆ ತುಂಬಿ, ಆದರೆ ಯಾಕೆ ಕಮ್ಮಿಯಾಯಿತು ಅಂತ ಸೋಪಿನ ನೀರಿಂದ ಹುಡುಕಿ. ಮೊದಲು ವಾಲ್ವ್ ಪಿನ್, ಆಮೇಲೆ ವಾಲ್ವಿನ ಬುಡ, ಆಮೇಲೆ ಲಾಕ್ ರಿಂಗ್ ಸುತ್ತ, ಯಾಕೆಂದರೆ ಅದರ ಹಿಂದೆ ಹವಾ ತಡೆಯುವ ರಬ್ಬರಿನ ಓ ರಿಂಗ್ ಇರುತ್ತದೆ, ಕೊನೆಗೆ ಟ್ರೆಡ್. 10ರಿಂದ 20ರವರೆಗೆ ಕಮ್ಮಿ ಇದ್ದರೆ ಗಾಡಿ ನಿಲ್ಲಿಸಿ, ಲೀಕ್ ಸಿಕ್ಕು ಸರಿಯಾಗುವವರೆಗೂ ಲೋಡಿಗೆ ಕಳಿಸಬೇಡಿ.

ನೂರಕ್ಕೆ 80 ಅಥವಾ ಅದಕ್ಕಿಂತ ಕಮ್ಮಿ ಹವಾದಲ್ಲಿ ಓಡಿದ ಟೈರಿನ ಲೆಕ್ಕವೇ ಬೇರೆ. 100 ಇರಬೇಕಾದಲ್ಲಿ 80, 78, 70 ಬಂತು ಅಂದರೆ ಗಾಡಿಯ ಮೇಲೇ ಹವಾ ತುಂಬಬಾರದು. ಒಳಗಿನ ತಂತಿ, ಪದರ ಹರಿದಿರಬಹುದು. ಲಾಕ್ ರಿಂಗ್ ಜಾಗ ಬಿಟ್ಟಿರಬಹುದು. ಅದಕ್ಕೆ ಒತ್ತಡ ಕೊಟ್ಟರೆ ಏನಾಗುತ್ತದೆ ಅಂತ ಹೇಳಲು ಬರುವುದಿಲ್ಲ. ಪೂರ್ತಿ ಹವಾ ಇಳಿಸಿ, ಗಾಲಿ ಬಿಚ್ಚಿ, ಒಳಗೆ ಹೊರಗೆ ನೋಡಿದ ಮೇಲೇ ಮುಂದಿನ ಮಾತು. ಶಿಫ್ಟ್ ಇನ್‌ಚಾರ್ಜ್ ಎಷ್ಟೇ ಅವಸರ ಮಾಡಲಿ, ಈ ಒಂದು ವಿಷಯದಲ್ಲಿ ಹಟ ಹಿಡಿಯಿರಿ.

ಹವಾ ತುಂಬುವಾಗ ಎಲ್ಲಿ ನಿಲ್ಲಬೇಕು

ಹಲವು ವರ್ಷದ ಹಿಂದೆ ಒಂದು ಗುತ್ತಿಗೆದಾರರ ಟಿಪ್ಪರ್ ಶೆಡ್ಡಿಗೆ ಹೋಗಿದ್ದೆ. ನೆಲದ ಮೇಲೆ ಮಲಗಿಸಿದ ಟೈರಿನ ಮೇಲೆ ಒಂದು ಕಾಲಿಟ್ಟು ಒಬ್ಬ ಹುಡುಗ ಹವಾ ತುಂಬುತ್ತಿದ್ದ. ಕೈಯಿಂದ ಒತ್ತಿ ಹಿಡಿಯುವ ಚಕ್. ಚಹಾ ಬಂತು ಅಂತ ಯಾರೋ ಕೂಗಿದರು, ಹುಡುಗ ಚಕ್ ಬಿಟ್ಟು ಎದ್ದು ನಾಲ್ಕು ಹೆಜ್ಜೆ ನಡೆದ. ಲಾಕ್ ರಿಂಗ್ ಹಾರಿತು. ಮೇಲಿನ ತಗಡು ಹರಿದುಕೊಂಡು ಹೊರಗೆ ಹೋಯಿತು. ಶೆಡ್ಡಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಚಹಾ ಯಾರೂ ಕುಡಿಯಲಿಲ್ಲ.

ಡಂಪರಿನ ಡಿಸ್ಕ್ ಒಂದೇ ತುಂಡಲ್ಲ. ಬುಡ, ಪಕ್ಕದ ರಿಂಗು, ಬೀಡ್ (ಟೈರಿನ ಒಳ ಅಂಚು) ಕೂರುವ ಪಟ್ಟಿ, ಲಾಕ್ ರಿಂಗ್ ಎಲ್ಲ ಬೇರೆ ಬೇರೆ. ಎಲ್ಲವನ್ನೂ ಜಾಗದಲ್ಲಿ ಹಿಡಿದಿರುವುದು ಒಳಗಿನ ಹವಾ. ಲಾಕ್ ರಿಂಗ್ ಸರಿ ಕೂರದಿದ್ದರೆ ಅದೇ ಹವಾ ಅದನ್ನು ಗುಂಡಿನ ಹಾಗೆ ಎಸೆಯುತ್ತದೆ. ಎಸೆಯುವುದು ಯಾವಾಗಲೂ ಪಕ್ಕಕ್ಕೆ, ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ನೋಡುವ ದಿಕ್ಕಿಗೆ. ಅದಕ್ಕೇ ಪೈಪು ಉದ್ದ ಬೇಕು, ಚಕ್ ತಾನೇ ಹಿಡಿದುಕೊಳ್ಳಬೇಕು. ಚಕ್ ಹಚ್ಚಿ, ಟ್ರೆಡ್ಡಿನ ದಿಕ್ಕಿಗೆ ಅಂದರೆ ಗಾಲಿ ಉರುಳುವ ದಿಕ್ಕಿಗೆ ಬಂದು, 3 ಮೀಟರ್ ದೂರ ನಿಂತು ಅಲ್ಲಿಂದ ಹವಾ ತುಂಬಬೇಕು. ಸೈಡ್‌ವಾಲ್ ಎದುರಿಗೆ ನೀವೂ ನಿಲ್ಲಬೇಡಿ, ಚಹಾ ತಂದ ಹುಡುಗನನ್ನೂ ನಿಲ್ಲಿಸಬೇಡಿ.

ಹೊಸದಾಗಿ ಜೋಡಿಸಿದ ಟೈರಾದರೆ ಮೊದಲು 5ರಿಂದ 10 ಪಿಎಸ್‌ಐ ಮಾತ್ರ ತುಂಬಿ ನಿಲ್ಲಿಸಿ. ಲಾಕ್ ರಿಂಗ್ ಸುತ್ತಲೂ ಸಮನಾಗಿ ಕೂತಿದೆಯಾ ನೋಡಿ. ಕೂತಿಲ್ಲ ಅಂದರೆ ಪೂರ್ತಿ ಹವಾ ಇಳಿಸಿ ಮತ್ತೆ ಜೋಡಿಸಿ. ಹವಾ ಇರುವಾಗ ಸುತ್ತಿಗೆಯಿಂದ ಬಡಿದು ಕೂರಿಸುವ ಚಾಳಿ ಕೆಲವರಿಗಿದೆ. ಆ ಚಾಳಿ ಇರುವವರ ಜೊತೆ ನಾನು ಕೆಲಸ ಮಾಡುವುದಿಲ್ಲ. ಟಿಪ್ಪರ್ ಟೈರನ್ನು ಕಬ್ಬಿಣದ ಪಂಜರದೊಳಗೆ ಇಟ್ಟೇ ತುಂಬಬೇಕು.

ಗಾಲಿ ಬಿಚ್ಚುವಾಗ ಉಲ್ಟಾ ಕೆಲಸ. ನಟ್ಟಿಗೆ ಪಾನಾ ಹಾಕುವ ಮೊದಲೇ ಹವಾ ಇಳಿಸಬೇಕು. ಜೋಡಿ ಟೈರಾದರೆ ಹೊರಗಿನದು, ಒಳಗಿನದು ಎರಡನ್ನೂ. ವಾಲ್ವ್ ಪಿನ್ ತೆಗೆದು ಬಿಟ್ಟರೆ ಹವಾ ಬುಸ್ ಅಂತ ಹೋಗುತ್ತದೆ, ಸದ್ದು ನಿಲ್ಲುತ್ತದೆ. ಖಾಲಿ ಆಯಿತು ಅಂತ ತಿಳಿಯಬೇಡಿ. ಜೋರಾಗಿ ಹೊರಬರುವ ಗಾಳಿ ತಣ್ಣಗಾಗಿ, ಅದರಲ್ಲಿರುವ ನೀರಿನ ಪಸೆ ವಾಲ್ವಿನಲ್ಲೇ ಹೆಪ್ಪುಗಟ್ಟಿ ದಾರಿ ಮುಚ್ಚಿರಬಹುದು. 43 ಡಿಗ್ರಿ ಬಿಸಿಲಲ್ಲಿ ವಾಲ್ವಿನ ಬಾಯಿಯಲ್ಲಿ ಐಸ್ ಅಂದರೆ ನಗು ಬರುತ್ತದೆ, ಆದರೆ ನಾನು ಕಣ್ಣಾರೆ ನೋಡಿದ್ದೇನೆ. ಮೊದಲು ಹೇಳಿದ ಆ ಸಣ್ಣ ತಂತಿ ಇದಕ್ಕೇ. ವಾಲ್ವಿನೊಳಗೆ ತೂರಿಸಿ ನೋಡಿ, ಆಮೇಲೆ ನಟ್ಟಿಗೆ ಕೈ ಹಾಕಿ.

ಮತ್ತೆ, ಡಿಸ್ಕ್ ಬಿರುಕು ಬಿಟ್ಟಿದೆ ಅಂತ ಟೈರ್ ಇರುವಾಗಲೇ ವೆಲ್ಡಿಂಗ್ ಮಾಡಿಸುವುದು. ಹವಾ ಇಳಿಸಿದ್ದರೂ ಬೇಡ. ಒಳಗಿನ ರಬ್ಬರ್ ಕಾದು ಹೊತ್ತಿಕೊಳ್ಳುವ ಅನಿಲ ಬಿಡುತ್ತದೆ, ಟೈರ್ ಬಾಂಬಿನ ಹಾಗೆ ಸಿಡಿಯುತ್ತದೆ. ಬಿರುಕು ಬಿಟ್ಟ ಡಿಸ್ಕಿಗೆ ರಿಪೇರಿ ಇಲ್ಲ, ಗುಜರಿಯೇ ಗತಿ.

ಜೋಡಿ ಟೈರಿನ ಜಗಳ

ಒಂದೇ ನೊಗಕ್ಕೆ ಎತ್ತರದ ಎತ್ತು, ಗಿಡ್ಡ ಎತ್ತು ಕಟ್ಟಿದರೆ ಹೊಲದಲ್ಲಿ ಏನಾಗುತ್ತದೆ ಅಂತ ತೊಗರಿ ಬೆಳೆಯುವ ನಮ್ಮವರಿಗೆ ಹೇಳಬೇಕಾಗಿಲ್ಲ. ಹಿಂದಿನ ಜೋಡಿಯಲ್ಲಿ ಒಂದರ ಹವಾ ಕಮ್ಮಿಯಾದರೆ ಇನ್ನೊಂದು ಇಬ್ಬರ ಭಾರ ಹೊರುತ್ತದೆ. ಹವಾ ಕಮ್ಮಿ ಇರುವುದು ಬಳುಕಿ ಬೇಯುತ್ತದೆ, ಸರಿ ಇರುವುದು ಭಾರಕ್ಕೆ ಬೇಯುತ್ತದೆ. ಎರಡೂ ಹಾಳು. ಜೋಡಿಯಲ್ಲಿ 5 ಪಿಎಸ್‌ಐಗಿಂತ ಜಾಸ್ತಿ ಫರಕ್ ಇರಬಾರದು. ಹೊಸ ಟೈರಿಗೆ ಸವೆದ ಟೈರ್ ಜೋಡಿ ಮಾಡುವುದೂ ಇದೇ ತಪ್ಪು.

ಹೆಚ್ಚಾಗಿ ಸಾಯುವುದು ಒಳಗಿನ ಟೈರ್, ಯಾಕೆಂದರೆ ಅದನ್ನು ಯಾರೂ ಅಳೆಯುವುದಿಲ್ಲ. ಕೈ ಎಟುಕುವುದಿಲ್ಲ, ಕತ್ತಲೆ, ಗ್ರೀಸು. ಒಳ ವಾಲ್ವಿಗೆ ಉದ್ದನೆಯ ಎಕ್ಸ್‌ಟೆನ್ಶನ್ ಹಾಕಿಸಿ ಹೊರಗೆ ತನ್ನಿ, ಅದನ್ನು ಅಲುಗಾಡದ ಹಾಗೆ ಕ್ಲಿಪ್ ಹಾಕಿ ಕಟ್ಟಿ. ಎರಡು ಟೈರಿನ ನಡುವೆ ನೇತಾಡುವ ಕಬ್ಬಿಣದ ಸರಳು, ಅಂದರೆ ಕಲ್ಲು ತಳ್ಳುವ ರಾಕ್ ಇಜೆಕ್ಟರ್, ಬಗ್ಗಿದ್ದರೆ ನೆಟ್ಟಗೆ ಮಾಡಿಸಿ. ನಮ್ಮ ಸುಣ್ಣದಕಲ್ಲು ಒಡೆದಾಗ ಹಲಗೆಯ ಹಾಗೆ ಚಪ್ಪಟೆಯಾಗಿ, ಅಂಚು ಚಾಕುವಿನ ಹಾಗೆ ಬರುತ್ತದೆ. ಅಂಥ ಒಂದು ಚಕ್ಕೆ ಜೋಡಿಯ ನಡುವೆ ಸಿಕ್ಕರೆ ಒಂದೇ ಶಿಫ್ಟಿನಲ್ಲಿ ಎರಡೂ ಸೈಡ್‌ವಾಲ್ ಕೊಯ್ದು ಹಾಕುತ್ತದೆ.

ಮೂರು ಶಿಫ್ಟಿನಲ್ಲಿ ಗಾಡಿ ತಣ್ಣಗಾಗುವುದು ಯಾವಾಗ?

ಇದು ನ್ಯಾಯವಾದ ಪ್ರಶ್ನೆ. ಟಿಪ್ಪರ್ ಟೈರ್ ರಾತ್ರಿ ನಿಂತರೆ ಬೆಳಿಗ್ಗೆಗೆ ತಣ್ಣಗಾಗುತ್ತದೆ. 27.00-49ರಂಥ ದೊಡ್ಡ ಟೈರ್ ಪೂರ್ತಿ ತಣ್ಣಗಾಗಲು 24 ಗಂಟೆ ಹಿಡಿಯಬಹುದು. ಗಾಡಿ ಒಂದು ಗಂಟೆಯೂ ನಿಲ್ಲುವುದಿಲ್ಲ ಅಂದರೆ ಏನು ಮಾಡುವುದು?

ಬಿಸಿ ಅಳತೆಗೇ ಒಂದು ಲೆಕ್ಕ ಇಟ್ಟುಕೊಳ್ಳಬೇಕು. ಗಾಡಿ ಸರ್ವಿಸಿಗೆ ನಿಂತ ದಿನ ಸರಿಯಾಗಿ ತಣ್ಣಗಿನ ಹವಾ ತುಂಬಿ. ಮರುದಿನ ಅದೇ ದಾರಿಯಲ್ಲಿ, ಅದೇ ಲೋಡಿನಲ್ಲಿ ನಾಲ್ಕೈದು ಗಂಟೆ ಓಡಿದ ಮೇಲೆ ಆರೂ ಟೈರಿನ ಬಿಸಿ ಪ್ರೆಶರ್ ಬರೆದುಕೊಳ್ಳಿ. ಅದೇ ಆ ತಿಂಗಳಿನ ನಿಮ್ಮ ಅಳತೆಗೋಲು. ಮುಂದೆ ಯಾವಾಗ ಅದೇ ಹೊತ್ತಿಗೆ ಅಳೆದರೂ ಅದರ ಹತ್ತಿರ ಬರಬೇಕು. ಐದು ಟೈರ್ 116 ತೋರಿಸಿ ಒಂದು 105 ತೋರಿಸಿದರೆ, ಆ 105 "ಸರಿಯಾದ ನೂರರ ಹತ್ತಿರ ಇದೆ" ಅಂತ ಖುಷಿಪಡಬೇಡಿ. ಅದೇ ಕಳ್ಳ. ಹವಾ ಸೋರುತ್ತಿರುವುದು ಅದರಲ್ಲೇ.

ಬಿಸಿಯಾದ ಟೈರಿಗೆ ಹವಾ ಸೇರಿಸಬೇಕಾಗಿ ಬಂದರೆ, ಪಕ್ಕದ ಒಳ್ಳೆಯ ಟೈರಿನ ಬಿಸಿ ಅಂಕಿಗೆ ಸಮ ಮಾಡಿ. ಆದರೆ ಅದಕ್ಕೆ ಮೊದಲು ಅದು 80ರ ಗೆರೆ ದಾಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಮೊದಲ ಬಿಡುವಿನಲ್ಲಿ ತಣ್ಣಗಿನ ಅಳತೆ ನೋಡಿ ಸರಿಮಾಡಿ.

ಏರಿಕೆಗೂ ಒಂದು ಮಿತಿ ಇದೆ. ತಣ್ಣಗಿನ ಅಂಕಿಗಿಂತ ನೂರಕ್ಕೆ 25 ಜಾಸ್ತಿ, ಅಂದರೆ 100 ಇದ್ದದ್ದು 125 ಆಯಿತು ಅಂದರೆ ಒಳಗಿನ ಗಾಳಿಯೇ 90 ಡಿಗ್ರಿ ದಾಟಿದೆ ಅಂತ ಅರ್ಥ. ರಬ್ಬರಿನ ಒಳಪದರ ಅದಕ್ಕಿಂತ ಬಿಸಿ ಇರುತ್ತದೆ. ಆಗಲೂ ಹವಾ ಬಿಡಬಾರದು. ಗಾಡಿ ನೆರಳಲ್ಲಿ ನಿಲ್ಲಿಸಿ, ತಣ್ಣಗಾಗಲು ಬಿಡಿ, ನೀರು ಸುರಿಯಬೇಡಿ. ಆಮೇಲೆ ಕಾರಣ ಹುಡುಕಿ. ಸಾಮಾನ್ಯವಾಗಿ ಕಾರಣ ಮೂರೇ. ಬೆಳಿಗ್ಗೆಯೇ ಹವಾ ಕಮ್ಮಿ ಇತ್ತು, ಲೋಡ್ ಜಾಸ್ತಿ ಆಯಿತು, ಇಲ್ಲವೇ ಓಟ ಜಾಸ್ತಿ ಆಯಿತು. ಈಗಿನ ಕೆಲವು ಡಂಪರಿನಲ್ಲಿ ಟೈರ್ ಒಳಗೇ ಸೆನ್ಸರ್ ಇರುತ್ತದೆ, ಕ್ಯಾಬಿನ್‌ನಲ್ಲೇ ಪ್ರೆಶರ್, ಬಿಸಿ ಎರಡೂ ಕಾಣುತ್ತವೆ. ಒಳ್ಳೆಯದೇ. ಆದರೆ ಅದು ಬಡಕೊಂಡಾಗ ಬಟನ್ ಒತ್ತಿ ಬಾಯಿ ಮುಚ್ಚಿಸುವ ಆಪರೇಟರ್ ಇದ್ದರೆ ಇದ್ದೂ ಇಲ್ಲದ ಹಾಗೆ.

ಲೋಡು ಮತ್ತು ಓಟ

ಹವಾ ಸರಿ ಇದ್ದೂ ಟೈರ್ ಸುಡುತ್ತದೆ ಅಂದರೆ ಟಿಕೆಪಿಎಚ್ ಲೆಕ್ಕ ಹಾಕಿ. ಟನ್, ಕಿಲೋಮೀಟರ್, ಗಂಟೆ ಸೇರಿದ ಲೆಕ್ಕ ಇದು. ಟೈರಿನ ಮೇಲಿನ ಸರಾಸರಿ ಭಾರವನ್ನು ಸರಾಸರಿ ವೇಗದಿಂದ ಗುಣಿಸಿದರೆ ಬರುತ್ತದೆ.

ಒಂದು ಉದಾಹರಣೆ ನೋಡಿ. ಖಾಲಿ ಗಾಡಿ 45 ಟನ್, ಕಲ್ಲು 55 ಟನ್, ಒಟ್ಟು 100. ಖಾಲಿ ಇದ್ದಾಗ ಮುಂದಿನ ಒಂದು ಟೈರಿಗೆ 10.6 ಟನ್, ತುಂಬಿದಾಗ 16.5. ಸರಾಸರಿ 13.5. ಹಿಂದಿನ ಒಂದು ಟೈರಿಗೆ ಖಾಲಿ ಇದ್ದಾಗ ಬರೀ 6, ತುಂಬಿದಾಗ 16.7. ಸರಾಸರಿ 11.4ರ ಹತ್ತಿರ. ನೋಡಿದಿರಾ? ಕಲ್ಲು ಹೊರುವುದು ಹಿಂದಿನ ಗಾಲಿ ಅಂತ ಎಲ್ಲರ ಲೆಕ್ಕ, ಆದರೆ ಬಿಸಿಯ ಲೆಕ್ಕದಲ್ಲಿ ಮುಂದಿನ ಟೈರಿಗೇ ಕಷ್ಟ ಜಾಸ್ತಿ. ವಾಪಸ್ ಬರುವಾಗ ಹಿಂದಿನದು ಉಸಿರು ಬಿಡುತ್ತದೆ, ಮುಂದಿನದಕ್ಕೆ ಆ ಬಿಡುವು ಇಲ್ಲ.

ಹೋಗಿ ಬರಲು 6 ಕಿಲೋಮೀಟರ್, 8 ಗಂಟೆಯಲ್ಲಿ 20 ಟ್ರಿಪ್ ಅಂದರೆ ಗಂಟೆಗೆ ಸರಾಸರಿ 15. ಮುಂದಿನ ಟೈರಿನ ಟಿಕೆಪಿಎಚ್ ಸುಮಾರು 203. ಟ್ರಿಪ್ ಲೆಕ್ಕದಲ್ಲಿ ಭತ್ಯೆ ಕೊಡುತ್ತಾರೆ ಅಂತ 26 ಟ್ರಿಪ್ ಹೊಡೆದರೆ 263 ದಾಟುತ್ತದೆ. ಟೈರ್ ಕಂಪನಿ ಕೊಟ್ಟ ಮಿತಿ 240 ಇದ್ದರೆ ಎಷ್ಟು ಚೆನ್ನಾಗಿ ಹವಾ ನೋಡಿಕೊಂಡರೂ ಟೈರ್ ಉಳಿಯುವುದಿಲ್ಲ. ಇನ್ನೊಂದು ಮಾತು ನಮ್ಮವರು ಮರೆಯುತ್ತಾರೆ. ದೊಡ್ಡ ಟೈರ್ ಕಂಪನಿಗಳು ಈ ಮಿತಿ ಕೊಡುವುದು ಹೊರಗೆ 38 ಡಿಗ್ರಿ ಇದೆ ಅಂತ ಹಿಡಿದು. ಕಲಬುರಗಿಯ ಏಪ್ರಿಲ್, ಮೇನಲ್ಲಿ 42, 43 ಮಾಮೂಲು. ಅಂದರೆ ನಮ್ಮ ಬೇಸಿಗೆಯಲ್ಲಿ ಮಿತಿ ಪುಸ್ತಕದಲ್ಲಿರುವುದಕ್ಕಿಂತ ಕೆಳಗೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ದೂರದ ಬೆಂಚಿನ (ಗಣಿ ಅಗೆಯುವ ಮೆಟ್ಟಿಲಿನ) ಟ್ರಿಪ್ ಕಡಿಮೆ ಮಾಡಿ, ಹತ್ತಿರದ ಬೆಂಚಿನಿಂದ ತುಂಬಿಸಿದರೆ ಬಹಳ ಟೈರ್ ಉಳಿಯುತ್ತವೆ. ಬೆಳಗಿನ ಜಾವ ದೂರದ್ದು ಹೊಡೆಯಿರಿ.

ಲೋಡಿಗೆ ದೊಡ್ಡ ಡಂಪರ್ ಮಾಡುವ ಕಂಪನಿಯೊಂದರ 10-10-20 ನಿಯಮ ಚಾಲ್ತಿಯಲ್ಲಿದೆ. ನೂರು ಟ್ರಿಪ್ಪಿನಲ್ಲಿ 10ಕ್ಕಿಂತ ಜಾಸ್ತಿ ಟ್ರಿಪ್ ಗಾಡಿಯ ಗೊತ್ತಾದ ಲೋಡಿಗಿಂತ ನೂರಕ್ಕೆ 10 ಮೀರಿದ್ದು ಇರಬಾರದು, ಒಂದು ಟ್ರಿಪ್ಪೂ ನೂರಕ್ಕೆ 20 ಮೀರಬಾರದು. ಮಳೆಗಾಲದಲ್ಲಿ ಎರೆಮಣ್ಣು ಹೊರುವಾಗ ಜೋಪಾನ. ಅದು ಬಾಡಿಯ ತಳಕ್ಕೆ ಬೆಲ್ಲದ ಪಾಕದ ಹಾಗೆ ಅಂಟುತ್ತದೆ, ಸುರಿದರೂ ಬೀಳುವುದಿಲ್ಲ. ಖಾಲಿ ಗಾಡಿ ಅಂತ ನೀವು ತಿಳಿದದ್ದು ಖಾಲಿ ಇರುವುದೇ ಇಲ್ಲ.

ಟೈರಿನಿಂದ ಹೊಗೆ ಬಂದರೆ

ಬ್ರೇಕ್ ಹಿಡಿದುಕೊಂಡು ಕಾದರೂ, ಎತ್ತಿದ ಬಾಡಿ ಕರೆಂಟಿನ ತಂತಿಗೆ ತಾಗಿದರೂ, ಸಿಡಿಲು ಹೊಡೆದರೂ ಟೈರ್ ಒಳಗೇ ರಬ್ಬರ್ ಬೇಯತೊಡಗುತ್ತದೆ. ಹೊರಗೆ ಬೆಂಕಿ ಕಾಣದೇ ಇರಬಹುದು. ಗಂಟೆಗಟ್ಟಲೆ ಆದ ಮೇಲೂ ಸಿಡಿಯಬಹುದು. ಹತ್ತಿರ ಹೋಗಿ ನೋಡುವ ಕೆಲಸ ಬೇಡ, ಹವಾ ಬಿಡುವ ಕೆಲಸವಂತೂ ಬೇಡವೇ ಬೇಡ. ಎಲ್ಲರನ್ನೂ 300 ಮೀಟರ್ ಆಚೆ ಕಳಿಸಿ, ದಾರಿ ಬಂದ್ ಮಾಡಿ, 24 ಗಂಟೆ ಯಾರನ್ನೂ ಬಿಡಬೇಡಿ. ಉತ್ಪಾದನೆ ನಿಂತರೆ ನಿಲ್ಲಲಿ.

ಈ ಅಪಾಯ ಇಳಿಸುವುದಕ್ಕೇ ದೊಡ್ಡ ಡಂಪರಿಗೆ ನೈಟ್ರೋಜನ್ ತುಂಬುತ್ತಾರೆ. ಆಮ್ಲಜನಕ ನೂರಕ್ಕೆ 5ರ ಹತ್ತಿರಕ್ಕೆ ಇಳಿದರೆ ಒಳಗೆ ಹೊತ್ತಿಕೊಳ್ಳಲು ಏನೂ ಸಿಗುವುದಿಲ್ಲ. ನೈಟ್ರೋಜನ್ ಹಾಕಿದರೆ ಬಿಸಿಗೆ ಪ್ರೆಶರ್ ಏರುವುದೇ ಇಲ್ಲ ಅನ್ನುವುದು ಮಾತ್ರ ಸುಳ್ಳು. ಅದೂ ಒಣ ಗಾಳಿಯಷ್ಟೇ ಏರುತ್ತದೆ.

ಚಳಿಗಾಲದ ಮೋಸ

ಬೇಸಿಗೆಯ ಭಯದಲ್ಲಿ ಡಿಸೆಂಬರ್ ಮರೆತುಹೋಗುತ್ತದೆ. ಮೇನಲ್ಲಿ 28 ಡಿಗ್ರಿ ಇದ್ದ ಬೆಳಿಗ್ಗೆ 100 ತುಂಬಿದ ಟೈರ್, ಒಂದು ಹನಿ ಹವಾ ಸೋರದಿದ್ದರೂ, ಡಿಸೆಂಬರಿನ 15 ಡಿಗ್ರಿ ಚಳಿಯಲ್ಲಿ 95 ತೋರಿಸುತ್ತದೆ. ಸಹಜವಾಗಿ ಸೋರುವ ಸ್ವಲ್ಪ ಸೇರಿಸಿದರೆ ಇನ್ನೂ ಕಮ್ಮಿ. ಆದ್ದರಿಂದ ವರ್ಷಕ್ಕೆ ಎರಡು ಸಲ, ಚಳಿ ಬಿದ್ದಾಗ ಒಮ್ಮೆ, ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದಾಗ ಒಮ್ಮೆ, ಎಲ್ಲ ಗಾಡಿಯ ತಣ್ಣಗಿನ ಹವಾ ಹೊಸದಾಗಿ ಕೂರಿಸಬೇಕು.

ಚಳಿಗಾಲದ್ದಕ್ಕೆ ನಾವು ಒಂದು ದಿನ ಗೊತ್ತುಮಾಡಿಕೊಂಡಿದ್ದೇವೆ, ಎಳ್ಳಮಾವಾಸ್ಯೆ, ಹೊಲಕ್ಕೆ ಹೋಗಿ ಪೂಜೆ ಮಾಡಿ ಉಣ್ಣುವ ಹಬ್ಬ. ಆ ದಿನ ನಮ್ಮ ಕಡೆ ಮನೆಯಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಗಣಿಗೆ ಹಾಜರಿ ಅರ್ಧಕ್ಕರ್ಧ ಇಲ್ಲ, ಡಂಪರ್‌ಗಳು ಹಿಂದಿನ ದಿನದಿಂದಲೇ ಸಾಲಾಗಿ ನಿಂತಿರುತ್ತವೆ. 24 ಗಂಟೆ ನಿಂತ ದೊಡ್ಡ ಟೈರ್ ವರ್ಷದಲ್ಲಿ ಇನ್ನು ಯಾವಾಗ ಸಿಗುತ್ತದೆ ಹೇಳಿ? ಬೆಳಿಗ್ಗೆ ಐದಕ್ಕೆ ನಾವು ನಾಲ್ಕು ಜನ ಮಾಸ್ಟರ್ ಗೇಜ್ ತೆಗೆದುಕೊಂಡು ಶುರುಮಾಡುತ್ತೇವೆ. ಎಂಟರೊಳಗೆ ಮುಗಿಯುತ್ತದೆ. ನೋಟ್‌ಬುಕ್ ಮುಚ್ಚಿ, ಗ್ರೀಸಿನ ಕೈ ತೊಳೆದು, ಭಜ್ಜಿ, ಸಜ್ಜೆ ರೊಟ್ಟಿ ತಣ್ಣಗಾಗುವ ಮೊದಲು ಹೊಲ ಮುಟ್ಟುತ್ತೇವೆ.